ಆಲೂಗಡ್ಡೆಯ ಕಣ್ಣು: ತಿನ್ನೋದಾ, ನೆಡೋದಾ?

(1)
ಮೊದಲನೇ ಫೋಟೊ ನೋಡಿ. ಹಿಂದೆ ದೊಡ್ಡ ಚರ್ಚು, ದಪ್ಪ ದಪ್ಪ ಕಂಬಗಳು. ಮುಂದೆ ಏನಿದೆ? ಎಲೆಕೋಸು! ಸಾಲು ಸಾಲು ಎಲೆಕೋಸು. ಹೆಂಗಸರು ಬಗ್ಗಿ ಕೊಯ್ತಾ ಇದ್ದಾರೆ.

ಇದು ಲೆನಿನ್‌ಗ್ರಾಡ್, ಅಂದ್ರೆ ಈಗಿನ ಸೇಂಟ್ ಪೀಟರ್ಸ್‌ಬರ್ಗ್. ವರ್ಷ 1942. ಚರ್ಚಿನ ಹೆಸರು ಸೇಂಟ್ ಐಸಾಕ್. ನಮ್ಮಲ್ಲಿ ಮೈಸೂರು ಅರಮನೆ ಮುಂದೆ ಕೋಸು ಬೆಳೆದ ಹಾಗೆ ಅಂದ್ಕೊಳ್ಳಿ. ತಮಾಷೆಗೆ ಬೆಳೆದದ್ದಲ್ಲ. ಹಿಂದಿನ ಚಳಿಗಾಲದಲ್ಲಿ ಆ ಊರಿನ ಲಕ್ಷಾಂತರ ಜನ ಹಸಿವಿನಿಂದ ಸತ್ತಿದ್ದರು.

ಕಿಟಕಿ ಕಟ್ಟೆ ಮೇಲೆ ಲೋಟದಲ್ಲಿ ಈರುಳ್ಳಿ ಬುಡ, ತಟ್ಟೆಯಲ್ಲಿ ಕ್ಯಾರೆಟ್ ತಲೆ ಇಟ್ಟು ಚಿಗುರಿಸೋ ರೀಲ್ಸ್ ನೀವೆಲ್ಲಾ ನೋಡಿದ್ದೀರಿ. ನಾನೂ ಅವುಗಳ ಅಭಿಮಾನಿನೇ. ಆದರೆ ಅಡುಗೆಮನೆಯ ಕಸದಿಂದ ಬೆಳೆ ತೆಗೆಯೋದು ಒಂದು ಕಾಲಕ್ಕೆ ಇಡೀ ದೇಶದ ಜೀವ-ಸಾವಿನ ವಿಷಯ ಆಗಿತ್ತು. ಅದರಲ್ಲಿ ಒಬ್ಬನಿಗೆ ದೊಡ್ಡ ಬಹುಮಾನ ಬಂತು, ಇನ್ನೊಬ್ಬ ಜೈಲಲ್ಲಿ ಸತ್ತ. ಈ ಸರಣಿ ಅದರ ಬಗ್ಗೆ. ಸ್ವಲ್ಪ ಉದ್ದ ಇದೆ, ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ.

(2)
1941ರ ಸೆಪ್ಟೆಂಬರ್ 8. ಎರಡನೇ ಮಹಾಯುದ್ಧ. ಹಿಟ್ಲರನ ಸೈನ್ಯ ಲೆನಿನ್‌ಗ್ರಾಡ್‌ಗೆ ಹೋಗುವ ಕೊನೆಯ ಭೂಮಾರ್ಗವನ್ನೂ ಮುಚ್ಚಿತು. ಒಳಗೆ ಸುಮಾರು 25 ಲಕ್ಷ ಜನ. ಮುತ್ತಿಗೆ ಮುಗಿದದ್ದು 1944ರ ಜನವರಿ 27ಕ್ಕೆ. 872 ದಿನ.

ಮುತ್ತಿಗೆ ಬಿದ್ದ ದಿನವೇ ಬದಾಯೆವ್ ಉಗ್ರಾಣಗಳಿಗೆ ಬಾಂಬ್ ಬಿತ್ತು. ಸಕ್ಕರೆ ಕರಗಿ ಮಣ್ಣಿಗೆ ಇಳೀತು. ಆಮೇಲೆ ಜನ ಆ ಸಿಹಿ ಮಣ್ಣನ್ನೇ ಅಗೆದು ತಂದು, ನೀರಲ್ಲಿ ಕದಡಿ, ಸೋಸಿ ಕುಡಿದರು.

ನವೆಂಬರ್ 20ರಿಂದ ಡಿಸೆಂಬರ್ 25ರವರೆಗೆ ಮಕ್ಕಳಿಗೆ, ಕಚೇರಿ ನೌಕರರಿಗೆ ದಿನಕ್ಕೆ 125 ಗ್ರಾಂ ಬ್ರೆಡ್. ಕಾರ್ಖಾನೆ ಕೆಲಸಗಾರರಿಗೆ 250. ಆ ಬ್ರೆಡ್ಡೂ ಪೂರ್ತಿ ಹಿಟ್ಟಿನದ್ದಲ್ಲ, ಹಿಂಡಿ, ಮರದ ನಾರು ಎಲ್ಲಾ ಬೆರೆಸಿದ್ದು. ಹಿಂಡಿ ಅಂದ್ರೆ ನಮ್ಮ ಊರಲ್ಲಿ ಹಸುವಿಗೆ ನೆನೆಹಾಕ್ತೀವಲ್ಲ, ಅದೇ. ಎಣ್ಣೆ ತೆಗೆದ ಮೇಲೆ ಉಳಿಯೋದು. ಅಲ್ಲಿ ಅದನ್ನು ಮಕ್ಕಳು ಚೀಪಿದರು.

ನಗರದಂಚಿನ ಹೊಲಗಳಲ್ಲಿ ಕೋಸಿನ ಕೊಯ್ಲು ಮುಗಿದಿತ್ತು. ಆದರೆ ಹೊರಗಿನ ಒರಟು ಹಸಿರೆಲೆ, ಬುಡದ ದಂಟು ನೆಲದಲ್ಲೇ ಉಳಿದಿದ್ದವು. ನಾವು ಮಾರ್ಕೆಟ್ಟಲ್ಲಿ ಕಿತ್ತು ಎಸೀತೀವಲ್ಲ, ಆ ಎಲೆಗಳು. ಜನ ಅಲ್ಲಿಗೆ ಹೋಗಿ ಅದನ್ನು ಆರಿಸಿ ತಂದು ಉಪ್ಪು ಹಾಕಿ ಹುಳಿ ಬರಿಸಿ ಇಟ್ಟರು. ಅದಕ್ಕೆ ‘ಖ್ರ್ಯಾಪಾ’ ಅಂತ ಹೆಸರು. ಅದು ಇದ್ದವರೇ ಅದೃಷ್ಟವಂತರು.

ನಮ್ಮ ಮನೆಗಳಲ್ಲೂ ಹೀರೆಕಾಯಿ ಸಿಪ್ಪೆ ಚಟ್ನಿ, ಕಲ್ಲಂಗಡಿ ಸಿಪ್ಪೆ ದೋಸೆ ಮಾಡ್ತಾರೆ, ನಿಜ. ರುಚಿಗೆ ಸಿಪ್ಪೆ ತಿನ್ನೋದೇ ಬೇರೆ, ಸಿಪ್ಪೆ ಬಿಟ್ಟು ಬೇರೆ ಏನೂ ಇಲ್ಲದೆ ತಿನ್ನೋದೇ ಬೇರೆ. ಮುತ್ತಿಗೆಯಲ್ಲಿ ಸತ್ತವರ ಸಂಖ್ಯೆ ಕಡಿಮೆ ಲೆಕ್ಕದಲ್ಲೂ ಆರು ಲಕ್ಷ ದಾಟುತ್ತದೆ. ಬಹುಪಾಲು ಹಸಿವಿನಿಂದ.

(3)
ಈಗ ಅದೇ ಫೋಟೊ ಮತ್ತೆ ನೋಡಿ. ಆ ಚರ್ಚಿರುವ ಚೌಕದಲ್ಲೇ ಇನ್ನೊಂದು ಕಟ್ಟಡ ಇದೆ. ಸಸ್ಯ ಸಂಶೋಧನಾ ಸಂಸ್ಥೆ. ಪ್ರಪಂಚದ ಮೂಲೆಮೂಲೆಯಿಂದ ತಂದ ಬೀಜ, ಗೆಡ್ಡೆಗಳ ಸಂಗ್ರಹ ಅಲ್ಲಿತ್ತು. ಎರಡು ಲಕ್ಷದ ಆಸುಪಾಸಿನ ಮಾದರಿಗಳು. ಅಕ್ಕಿ, ಗೋಧಿ, ಜೋಳ, ಕಡಲೆಕಾಯಿ, ಬಟಾಣಿ, ಆಲೂಗಡ್ಡೆ...

ಅದನ್ನು ಕಟ್ಟಿದವರು ನಿಕೊಲಾಯ್ ವಾವಿಲೋವ್. ಬೆಳೆಗಳು ಹುಟ್ಟಿದ ಜಾಗಗಳನ್ನು ಹುಡುಕಿಕೊಂಡು ಅಫ್ಘಾನಿಸ್ತಾನ, ಇಥಿಯೋಪಿಯಾ, ಪೆರು, ಬೊಲಿವಿಯಾ ಅಂತ ಸುತ್ತಿದ ಮನುಷ್ಯ. ಅವರ ಸಹೋದ್ಯೋಗಿಗಳು 1920ರ ದಶಕದಲ್ಲೇ ದಕ್ಷಿಣ ಅಮೆರಿಕಕ್ಕೆ ಹೋಗಿ ಕಾಡು ಆಲೂಗಡ್ಡೆ ತಂದಿದ್ದರು. ಅವರೆಲ್ಲರ ಯೋಚನೆ ಇಷ್ಟೇ: ಮುಂದೆ ಯಾವ ರೋಗ ಬರುತ್ತೋ, ಯಾವ ಚಳಿ, ಯಾವ ಬರ ಬರುತ್ತೋ ಗೊತ್ತಿಲ್ಲ. ಎಲ್ಲಾ ತಳಿ ಕೈಯಲ್ಲಿರಲಿ.

ಮುತ್ತಿಗೆ ಬಿದ್ದಾಗ ವಾವಿಲೋವ್ ಅಲ್ಲಿರಲಿಲ್ಲ. 1940ರ ಆಗಸ್ಟಲ್ಲೇ ಅವರನ್ನು ಬಂಧಿಸಿದ್ದರು. ಯಾಕೆ ಅಂತ ಐದನೇ ಭಾಗದಲ್ಲಿ ಹೇಳ್ತೀನಿ.

(4)
ಬೀಜ ಆದರೆ ಡಬ್ಬಿಯಲ್ಲಿ ಹಾಕಿ ವರ್ಷಗಟ್ಟಲೆ ಇಡಬಹುದು. ಆಲೂಗಡ್ಡೆ ಹಾಗಲ್ಲ. ಅದರಲ್ಲಿ ನೀರೇ ಹೆಚ್ಚು. ಹೆಪ್ಪುಗಟ್ಟಿದರೆ ಸತ್ತಿತು. ಬೆಚ್ಚಗಾದರೆ ಮೊಳೆತು ಸುಕ್ಕಾಗುತ್ತದೆ. ಪ್ರತಿ ವರ್ಷ ನೆಡಲೇಬೇಕು, ಇಲ್ಲಾಂದ್ರೆ ತಳಿ ಕೈತಪ್ಪಿತು.

ಸಂಸ್ಥೆಯ ಆಲೂಗಡ್ಡೆ ತಾಕು ಇದ್ದದ್ದು ಊರಾಚೆ ಪಾವ್ಲೊವ್ಸ್ಕ್‌ನಲ್ಲಿ. ಜರ್ಮನ್ ಸೈನ್ಯ ಹತ್ತಿರ ಬರ್ತಾ ಇರುವಾಗ ಅಬ್ರಾಮ್ ಕಾಮೆರಾಜ್, ಓಲ್ಗಾ ವೊಸ್ಕ್ರೆಸೆನ್ಸ್ಕಾಯಾ ಶೆಲ್ ದಾಳಿಯ ನಡುವೆಯೇ ಗೆಡ್ಡೆ ಅಗೆದು ನಗರಕ್ಕೆ ಸಾಗಿಸಿದರು. ಆಮೇಲೆ ಕಾಮೆರಾಜ್ ಯುದ್ಧಕ್ಕೆ ಹೋದರು. ನೆಲಮಾಳಿಗೆಯಲ್ಲಿ ಗೆಡ್ಡೆ ಕಾಯುವ ಕೆಲಸ ಓಲ್ಗಾ ಮತ್ತು ವಾದಿಮ್ ಲೆಖ್ನೊವಿಚ್ ಪಾಲಿಗೆ ಬಂತು. ಹೊರಗೆ ಹಾಲು ಕಲ್ಲಾಗುವ ಚಳಿ. ಕರೆಂಟ್ ಇಲ್ಲ, ಸೌದೆ ಇಲ್ಲ. ಸಿಕ್ಕಿದ ಮರದ ಚೂರು, ಪೆಟ್ಟಿಗೆ ಎಲ್ಲಾ ಉರಿಸಿ ಗೆಡ್ಡೆಗಳನ್ನು ಬೆಚ್ಚಗಿಟ್ಟರು. ಮೇಲೆ ಇಲಿಗಳ ಕಾಟ ಬೇರೆ.

ಅವರಿಗೂ ಸಿಗ್ತಿದ್ದದ್ದು ಅದೇ ರೇಷನ್. ಪಕ್ಕದಲ್ಲೇ ರಾಶಿ ಆಲೂಗಡ್ಡೆ. ತಿನ್ನಲಿಲ್ಲ. ಅಕ್ಕಿ ತಳಿಗಳನ್ನು ನೋಡಿಕೊಳ್ತಿದ್ದ ದ್ಮಿತ್ರಿ ಇವಾನೊವ್ ಹಸಿವಿನಿಂದ ಸತ್ತಾಗ ಅವರ ಸಂಗ್ರಹದಲ್ಲಿ ಸಾವಿರಾರು ಅಕ್ಕಿ ಪೊಟ್ಟಣ ಹಾಗೇ ಇದ್ದವು. ಕಡಲೆಕಾಯಿ ತಜ್ಞ ಅಲೆಕ್ಸಾಂಡರ್ ಶ್ಚೂಕಿನ್ ಕೆಲಸದ ಮೇಜಿನ ಮುಂದೆಯೇ ಪ್ರಾಣ ಬಿಟ್ಟರು. ಲೆಖ್ನೊವಿಚ್ ಬದುಕಿ ಉಳಿದರು. ಬೆಳಿಗ್ಗೆ ಎದ್ದು ಕೈಕಾಲು ಆಡಿಸೋದು ಕಷ್ಟ ಇತ್ತು, ಆದರೆ ಗೆಡ್ಡೆ ತಿನ್ನದೇ ಇರೋದು ಕಷ್ಟ ಅನ್ನಿಸಲೇ ಇಲ್ಲ ಅಂತ ಅವರು ಆಮೇಲೆ ಹೇಳಿದ್ದರು.

ಇಲ್ಲಿ ನಿಮಗೊಂದು ಪ್ರಶ್ನೆ ಬಂದೇ ಬರುತ್ತೆ. ಹೊರಗೆ ಮಕ್ಕಳು ಸಾಯ್ತಿರುವಾಗ ಆ ಆಲೂಗಡ್ಡೆ ಹಂಚಬಾರದಿತ್ತಾ? ನ್ಯಾಯವಾದ ಪ್ರಶ್ನೆ. ಲೆಕ್ಕ ಹಾಕಿ ನೋಡಿ. ಐದು ಟನ್ ಇತ್ತು ಅಂತಲೇ ಇಟ್ಕೊಳ್ಳಿ. 25 ಲಕ್ಷ ಜನಕ್ಕೆ ಹಂಚಿದರೆ ತಲೆಗೆ 2 ಗ್ರಾಂ. ಒಂದು ಚಿಪ್ಸ್ ಬಿಲ್ಲೆ. ಹಾಗಂತ ಲೆಕ್ಕದಿಂದ ಆ ಪ್ರಶ್ನೆ ಪೂರ್ತಿ ಮುಚ್ಚಿಹೋಗಲ್ಲ ಅಂತ ನನಗೂ ಗೊತ್ತು. ಬಾಗಿಲಾಚೆ ಇದ್ದ ಒಂದೇ ಒಂದು ಮಗುವಿಗೆ ನಾಲ್ಕು ಗೆಡ್ಡೆ ಕೊಟ್ಟಿದ್ದರೆ ಅನ್ನೋ ಮಾತು ಉಳಿದೇ ಉಳಿಯುತ್ತೆ.

1942ರ ವಸಂತ ಬಂತು. ಹಿಮ ಕರಗಿತು. ಪಾರ್ಕು, ಚೌಕ, ಬಾಂಬ್ ಬಿದ್ದ ಖಾಲಿ ಜಾಗ, ಎಲ್ಲಾ ಕಡೆ ತರಕಾರಿ ಪಾತಿ ಎದ್ದವು. ಶಾಲಾ ಮಕ್ಕಳು ಬೇಸಿಗೆಯಿಡೀ ಹೊಲಗಳಲ್ಲಿ ಕಳೆ ಕಿತ್ತರು, ಕೊಯ್ಲು ಮಾಡಿದರು. ಕಳೆಯನ್ನೂ ಎಸೆಯಲಿಲ್ಲ ಅನ್ನಿ. ನಮ್ಮ ಚಕ್ಕೋತ ಸೊಪ್ಪಿನ ಬಳಗದ ಗಿಡ ಅಲ್ಲೂ ಕಳೆಯಾಗಿ ಬೆಳೆಯುತ್ತೆ, ಅದೇ ಸಾರಾಯಿತು. ಯಾವ ಕಾಡುಸೊಪ್ಪು ತಿನ್ನಬಹುದು ಅಂತ ಸಸ್ಯವಿಜ್ಞಾನಿಗಳು ಕಿರುಪುಸ್ತಕಗಳನ್ನೇ ಹಂಚಿದರು. ನಗರ ರಕ್ಷಣೆಯ ಪದಕ ಪಡೆದವರಲ್ಲಿ ಸುಮಾರು 15 ಸಾವಿರ ಮಕ್ಕಳಿದ್ದರು. ನಿಮ್ಮ ತಮ್ಮ-ತಂಗಿಯರ ವಯಸ್ಸಿನವರು.

ನೆಲಮಾಳಿಗೆಯ ಆಲೂಗಡ್ಡೆಯೂ ಮಣ್ಣಿಗೆ ಹೋಯಿತು. ತಳಿಗಳು ಉಳಿದವು.

(5)
ಆದರೆ ಉಳಿದ ದೇಶದ ಕಥೆ? ಆಲೂಗಡ್ಡೆಗೆ ಬಿತ್ತನೆ ಅಂದ್ರೆ ಆಲೂಗಡ್ಡೆನೇ. ಇಡೀ ಗೆಡ್ಡೆ ನೆಟ್ಟರೆ ಹೆಕ್ಟೇರಿಗೆ ಎರಡು-ಮೂರು ಟನ್ ಬೇಕು. ಯುದ್ಧಕಾಲದಲ್ಲಿ ಅಷ್ಟನ್ನು ಹೂಳೋಕೆ ಯಾರ ಹತ್ತಿರ ಇದೆ?

ಆಗ ಬಂತು ‘ತಲೆ ನೆಡುವ’ ಪ್ರಚಾರ. ಗೆಡ್ಡೆಯ ಒಂದು ತುದಿಯಲ್ಲಿ ಕಣ್ಣುಗಳು ಒತ್ತೊತ್ತಾಗಿರ್ತವೆ, ಗಮನಿಸಿದ್ದೀರಾ? ಬಳ್ಳಿಗೆ ಅಂಟಿದ್ದ ತುದಿಯಲ್ಲ, ಅದರ ಎದುರಿನದ್ದು. ಮೊದಲು, ಗಟ್ಟಿಯಾಗಿ ಮೊಳೆಯೋದೂ ಅಲ್ಲೇ. ಆ ತಲೆಯನ್ನು 10-15 ಗ್ರಾಂನಷ್ಟು ಕತ್ತರಿಸಿ ಬಿತ್ತನೆಗೆ ಇಡಿ, ಉಳಿದದ್ದು ಬೇಯಿಸಿ ತಿನ್ನಿ. ಒಂದೇ ಗೆಡ್ಡೆ ಇವತ್ತಿನ ಊಟವೂ ಹೌದು, ಮುಂದಿನ ವರ್ಷದ ಬೆಳೆಯೂ ಹೌದು. ಹೆಕ್ಟೇರಿಗೆ 45 ಸಾವಿರ ಗಿಡ ಅಂದ್ರೂ ಮುಕ್ಕಾಲು ಟನ್ ಒಳಗೆ ಮುಗೀತು. ಇವತ್ತಿನ ರೀಲ್ಸ್‌ನ ಉಪಾಯವೇ, ಇಡೀ ದೇಶದ ಅಳತೆಯಲ್ಲಿ!

ಈ ಪ್ರಚಾರದ ಮುಂದಾಳು ತ್ರೋಫಿಮ್ ಲಿಸೆಂಕೊ. 1943ರಲ್ಲಿ ಇದಕ್ಕೇ ಸ್ಟಾಲಿನ್ ಬಹುಮಾನ ಸಿಕ್ತು.

ಲಿಸೆಂಕೊ ಯಾರು ಅಂತೀರಾ? ಜೀನ್ ಅನ್ನೋದೆಲ್ಲಾ ಬೂರ್ಜ್ವಾ ಸುಳ್ಳು ಅಂದವನು. ಅಧಿಕಾರದ ಬಲದಿಂದ ತಳಿವಿಜ್ಞಾನಿಗಳ ಬಾಯಿ ಮುಚ್ಚಿಸಿದವನು. ಅವನ ವಿರುದ್ಧ ನಿಂತವರಲ್ಲಿ ಮುಖ್ಯರಾದವರೇ ವಾವಿಲೋವ್. ಅದೇ 1943ರ ಜನವರಿ 26ರಂದು ವಾವಿಲೋವ್ ಸರಾತೊವ್ ಜೈಲಿನಲ್ಲಿ ತೀರಿಕೊಂಡರು. ಜಗತ್ತಿನ ಬೀಜ ಕೂಡಿಟ್ಟ ಮನುಷ್ಯ ಜೈಲಿನ ಅರೆಹೊಟ್ಟೆಯಲ್ಲಿ ಸೊರಗಿ ಹೋದ. ಸರ್ಕಾರ ಅವರನ್ನು ನಿರಪರಾಧಿ ಅಂತ ಒಪ್ಪಿದ್ದು 1955ರಲ್ಲಿ.

ಇಲ್ಲಿ ನಾವು ಎಡವಬಾರದು. ಲಿಸೆಂಕೊ ಕೆಟ್ಟವನು, ಹಾಗಾಗಿ ಆಲೂಗಡ್ಡೆ ತಲೆಯ ಉಪಾಯವೂ ಸುಳ್ಳು ಅಂತ ಬರೆದುಬಿಡೋದು ಸುಲಭ. ಆದರೆ ಉಪಾಯ ಸರಿಯಾಗೇ ಇತ್ತು. ಅವನದ್ದಂತೂ ಅಲ್ಲ. ಬಿತ್ತನೆ ಗೆಡ್ಡೆ ಕತ್ತರಿಸಿ ನೆಡೋದು ರೈತರಿಗೆ ಹಳೇ ವಿದ್ಯೆ. ಹಾಸನದ ಕಡೆ ಹೋಗಿ ಕೇಳಿ. ಪಂಜಾಬಿನ ಜಲಂಧರ್‌ನಿಂದ ಬಂದ ಬಿತ್ತನೆ ಆಲೂಗಡ್ಡೆಯನ್ನು ಕಣ್ಣು ನೋಡಿ ಹೋಳು ಮಾಡೋ ಕೆಲಸ ಅಲ್ಲಿನ ಮನೆಮಂದಿಗೆಲ್ಲಾ ಗೊತ್ತು.

(6)
ಹಾಗಾದರೆ ವಾವಿಲೋವ್ ಸಂಗ್ರಹ ಯಾಕೆ ಬೇಕಿತ್ತು? ಸಿಪ್ಪೆ, ತಲೆ ನೆಟ್ಟೇ ಬೆಳೀಬಹುದಲ್ವಾ?

ಬಯಾಲಜಿ ಪಾಠ ನೆನಪು ಮಾಡ್ಕೊಳ್ಳಿ. ಕಣ್ಣಿನಿಂದ ಬಂದ ಗಿಡ ಮಗು ಅಲ್ಲ, ಅದೇ ಗಿಡ. ತದ್ರೂಪಿ. ಅದರ ರುಚಿ ಬರುತ್ತೆ, ಅದರ ವೈರಸ್ಸೂ ಬರುತ್ತೆ. ಇರೋದನ್ನ ಹೆಚ್ಚಿಸಬಹುದು, ಇಲ್ಲದ ಗುಣ ತರೋಕಾಗಲ್ಲ.

1845ರ ಐರ್ಲೆಂಡ್ ಇದಕ್ಕೆ ಸಾಕ್ಷಿ. ಬಡವರು ಬಹುಪಾಲು ‘ಲಂಪರ್’ ಅನ್ನೋ ಒಂದೇ ತಳಿಯನ್ನು ವರ್ಷವರ್ಷ ಹೀಗೇ ನೆಡ್ತಾ ಬಂದಿದ್ದರು. ಅಂಗಮಾರಿ ರೋಗ ಬಂತು, ಗೆಡ್ಡೆಗಳು ನೆಲದಲ್ಲೇ ಕೊಳೆತವು. ಹಸಿದವರು ಬಿತ್ತನೆಗೆ ಇಟ್ಟಿದ್ದನ್ನೂ ತಿಂದರು. ತಿನ್ನದೆ ಏನ್ ಮಾಡ್ತಾರೆ? 1847ರಲ್ಲಿ ರೋಗ ಕಡಿಮೆ ಇತ್ತು, ಎಕರೆ ಲೆಕ್ಕದಲ್ಲಿ ಇಳುವರಿ ಚೆನ್ನಾಗೇ ಬಂತು. ಆದರೆ 1845ರಲ್ಲಿ ಸುಮಾರು 20 ಲಕ್ಷ ಎಕರೆ ಇದ್ದ ಬೆಳೆ ಮೂರು ಲಕ್ಷ ಎಕರೆಗೂ ಕೆಳಗೆ ಇಳಿದಿತ್ತು, ನೆಡೋಕೆ ಗೆಡ್ಡೆ ಉಳಿದಿರಲಿಲ್ಲ. ಒಟ್ಟು ಹತ್ತು ಲಕ್ಷದಷ್ಟು ಜನ ಸತ್ತರು. ದೇಶದಿಂದ ಧಾನ್ಯ ಹೊರಗೆ ರಫ್ತಾಗ್ತಾನೇ ಇತ್ತು ಅನ್ನೋದು ಇನ್ನೊಂದು ಸಿಟ್ಟು ಬರಿಸೋ ವಿಷಯ.

ಹಾಸನದ ಹೊಲಗಳಲ್ಲಿ ಮೋಡ ಮುಸುಕಿದ ವಾರದಲ್ಲಿ ಎಲೆ ಕಪ್ಪಾಗಿಸೋ ಅಂಗಮಾರಿಯೂ ಅದೇ ರೋಗ. ಅದನ್ನು ತಡೆಯೋ ಗುಣವನ್ನು ತಳಿವಿಜ್ಞಾನಿಗಳು ಹುಡುಕಿದ್ದು ಕಾಡು ಆಲೂಗಡ್ಡೆಗಳಲ್ಲಿ, ಮುಖ್ಯವಾಗಿ ಮೆಕ್ಸಿಕೊದ ಸೊಲನಂ ಡೆಮಿಸಮ್‌ನಲ್ಲಿ. ಊಟಕ್ಕೆ ಉಪಯೋಗವಿಲ್ಲದ, ಗೋಲಿಯಷ್ಟು ಗೆಡ್ಡೆ. ಯುದ್ಧ ಮುಗಿಸಿ ವಾಪಸ್ ಬಂದ ಕಾಮೆರಾಜ್ ಉಳಿದ ಸಂಗ್ರಹದ ಜೊತೆ ಕೆಲಸ ಮುಂದುವರಿಸಿ ಹೊಸ ತಳಿಗಳನ್ನು ಕೊಟ್ಟರು.

(7)
ಈಗ ನಿಮ್ಮ ಕಿಟಕಿಗೆ ಬರೋಣ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಅವರನ್ನೂ ಕೂರಿಸ್ಕೊಳ್ಳಿ. ಚಾಕು ಮಾತ್ರ ನಿಮ್ಮ ಕೈಯಲ್ಲಿರಲಿ.

ಶುರು ಮಾಡೋದು ಈರುಳ್ಳಿಯಿಂದ. ರಷ್ಯಾದ ಮನೆಗಳಲ್ಲಿ ಚಳಿಗಾಲ ಬಂದರೆ ಕಿಟಕಿಯಲ್ಲಿ ನೀರಿನ ಗಾಜಿನ ಮೇಲೆ ಈರುಳ್ಳಿ ಕೂರಿಸೋದು ತೀರಾ ಮಾಮೂಲಿ. ಬೇರಿನ ಬುಡ ಮಾತ್ರ ನೀರಿಗೆ ತಾಕಬೇಕು, ಮುಳುಗಿದರೆ ಕೊಳೆತು ನಾರುತ್ತೆ. ನೀರು ಆಗಾಗ ಬದಲಾಯಿಸಿ. ಹತ್ತು ಹನ್ನೆರಡು ದಿನದಲ್ಲಿ ಎಲೆ ಕತ್ತರಿಸಿ ಉಪ್ಪಿಟ್ಟಿಗೆ ಹಾಕಬಹುದು. ಮಕ್ಕಳಿಗೆ ತಾಳ್ಮೆ ಇರೋದೂ ಅಷ್ಟೇ ದಿನ.

ಕ್ಯಾರೆಟ್ ತಲೆ ಇಟ್ಟರೆ ಸೊಪ್ಪು ಮಾತ್ರ ಬರುತ್ತೆ, ಹೊಸ ಕ್ಯಾರೆಟ್ ಬರಲ್ಲ. ಇದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ, ಇಲ್ಲಾಂದ್ರೆ ಒಂದು ತಿಂಗಳಾದ ಮೇಲೆ ನಿಮ್ಮ ಮೇಲೆ ಜಗಳ.

ಆಲೂಗಡ್ಡೆಗೆ: ಮೊಳಕೆ ಬಂದ, ಗಟ್ಟಿಯಾಗಿರೋ ಗೆಡ್ಡೆ ತಗೊಂಡು, ಕಣ್ಣು ಹೆಚ್ಚಿರೋ ತಲೆಯನ್ನು ದಪ್ಪಗೆ ಕತ್ತರಿಸಿ. ಬರೀ ತೆಳು ಸಿಪ್ಪೆ ಸಾಲಲ್ಲ, ಬೇರು ಬಿಡೋವರೆಗೆ ಮೊಳಕೆಗೆ ಆ ಪಿಷ್ಟವೇ ಊಟ. ಕತ್ತರಿಸಿದ ಮೈಗೆ ಬೂದಿ ಸವರಿ ಎರಡು ದಿನ ನೆರಳಲ್ಲಿ ಒಣಗಿಸಿ. ತಳದಲ್ಲಿ ತೂತಿರೋ ಹಳೇ ಪೇಂಟ್ ಬಕೆಟ್ಟಲ್ಲಿ ಅರ್ಧ ಮಣ್ಣು, ಗೊಬ್ಬರ ಹಾಕಿ ನೆಡಿ, ಗಿಡ ಎದ್ದ ಹಾಗೆ ಮಣ್ಣು ಏರಿಸ್ತಾ ಹೋಗಿ. ನಾಲ್ಕೈದು ಗಂಟೆಯಾದರೂ ಬಿಸಿಲು ಬೇಕು. ಸುಮಾರು ಮೂರು ತಿಂಗಳಿಗೆ ಒಂದು ಹಿಡಿ ಗೆಡ್ಡೆ ಸಿಗುತ್ತೆ. ದೊಡ್ಡ ಬೆಳೆ ಏನೂ ಅಲ್ಲ.

ಎಚ್ಚರ: ಆಲೂಗಡ್ಡೆಯ ಎಲೆ, ಕಾಯಿ, ಮೊಳಕೆ, ಹಸಿರಾದ ಸಿಪ್ಪೆ ಯಾವುದನ್ನೂ ತಿನ್ನಬಾರದು. ಅದರಲ್ಲಿ ಸೊಲನಿನ್ ಅನ್ನೋ ವಿಷ ಇರುತ್ತೆ, ಬೇಯಿಸಿದರೂ ಹೋಗಲ್ಲ. ಪೂರ್ತಿ ಹಸಿರಾದ ಗೆಡ್ಡೆ ಪಲ್ಯಕ್ಕೆ ಬೇಡ, ನೆಡೋಕೆ ಇಟ್ಕೊಳ್ಳಿ.

ಇವತ್ತು ಅಡುಗೆಮನೆಗೆ ಹೋದಾಗ ಒಂದು ಆಲೂಗಡ್ಡೆ ಕೈಗೆ ತಗೊಂಡು, ತಲೆ ಯಾವುದು, ಬುಡ ಯಾವುದು ಅಂತ ಹುಡುಕಿ. ಒಟ್ಟು ಎಷ್ಟು ಕಣ್ಣಿದ್ದವು, ಕಾಮೆಂಟಲ್ಲಿ ಹಾಕಿ.

#ಆಲೂಗಡ್ಡೆಕಣ್ಣು #ಇತಿಹಾಸದಸರಣಿ #ಕಿಟಕಿತೋಟ