ಪುಟ ಅಲುಗದೆ ಬದಲಾದ ನಕ್ಷೆ
1996ರಲ್ಲಿ ಮ್ಯಾಪ್‌ಕ್ವೆಸ್ಟ್ ಎಂಬ ನಕ್ಷೆಯ ತಾಣ ಬಂದ ಕಾಲಕ್ಕೆ ಅಂತರ್ಜಾಲದ ನಕ್ಷೆಯೆಂದರೆ ಬರೀ ಚಿತ್ರ. ಕೊಂಚ ಪಕ್ಕಕ್ಕೆ ಸರಿಸಬೇಕೆಂದರೂ ಪುಟವೆಲ್ಲ ಮತ್ತೆ ತೆರೆದುಕೊಳ್ಳಬೇಕು. ಡಯಲ್‌ಅಪ್‌ನಲ್ಲಿ ಕಾದು ಕೂತವರಿಗೇ ಗೊತ್ತು ಆ ಸಂಕಟ. 2005ರ ಫೆಬ್ರವರಿಯಲ್ಲಿ ಬಂದ ಗೂಗಲ್ ಮ್ಯಾಪ್ಸ್ ನಕ್ಷೆಯನ್ನು ಚೌಕಗಳಾಗಿ ಕತ್ತರಿಸಿತು, ಬೇಕಾದಷ್ಟನ್ನೇ ಜಾವಾಸ್ಕ್ರಿಪ್ಟ್ ತರಿಸಿಕೊಂಡಿತು. ನನ್ನ ಮಟ್ಟಿಗೆ ದೊಡ್ಡ ತಿರುವು 2011ರದು. ಕೀವ್‌ನ ವ್ಲಾದಿಮಿರ್ ಅಗಾಫೊಂಕಿನ್ ಲೀಫ್ಲೆಟ್ ಎಂಬ, ನಕ್ಷೆ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿಯನ್ನು ಹೊರತಂದರು. ಭೂಗೋಳದ ಮೇಷ್ಟರಾದ ನಮ್ಮ ಕೈಗೂ ನಕ್ಷೆ ಕಟ್ಟುವ ಕಸುಬು ಎಟುಕಿತು. ಉದಾಹರಣೆಗೆ, ತರಗತಿಯಲ್ಲಿ ತೋರಿಸುವ ನಕ್ಷೆಯ ಪುಟದಲ್ಲಿ ಜಿಲ್ಲೆಗಳ ಡ್ರಾಪ್‌ಡೌನ್ ಪಟ್ಟಿಯಿಂದ ಬೀದರ್ ಆರಿಸಿದೊಡನೆ ‘ಚೇಂಜ್’ ಈವೆಂಟ್ ಕೋಡನ್ನು ಎಬ್ಬಿಸುತ್ತದೆ. ಅದು ಹಳೆಯ ಪದರ ತೆಗೆದು, ಬೀದರಿನ ಗಡಿಗೆರೆ ಎಳೆದು, ಲೀಫ್ಲೆಟ್‌ನ ‘ಸೆಟ್‌ವ್ಯೂ’ ಮೂಲಕ ನಕ್ಷೆಯನ್ನು ಅಲ್ಲಿಗೆ ಒಯ್ಯುತ್ತದೆ. ಪುಟ ಮಿಸುಕುವುದಿಲ್ಲ. ಹಿಂದಿನ ಬೆಂಚಿನ ಮಕ್ಕಳೂ ಮುಂದಕ್ಕೆ ಬಾಗುತ್ತಾರೆ. ಲೀಫ್ಲೆಟ್ ಇವತ್ತಿಗೂ ಉಚಿತ. ಮೇಷ್ಟರುಗಳೇ, ನಿಮ್ಮ ತಾಲ್ಲೂಕಿನ ನಕ್ಷೆಯನ್ನು ಮಕ್ಕಳಿಂದಲೇ ಮಾಡಿಸಿ.