ಮಾರಿಯ ಇಳಿತವನ್ನು ಎಣಿಸಿದವನು

ಅದು 1865ರ ಬೇಸಿಗೆ. ವಿಕ್ಟೋರಿಯಾ ರಾಣಿ ಆಳುತ್ತಿದ್ದ ಇಂಗ್ಲೆಂಡಿಗೆ ಕಡಲಾಚೆಯಿಂದ ಬಂದ ದನಗಳೊಡನೆ ಮಾರಿಯೊಂದು ಹಡಗಿನಿಂದಿಳಿಯಿತು. ನಮ್ಮ ರೈತರು ದೊಡ್ಡರೋಗವೆಂದು ಬಲ್ಲ ರಿಂಡರ್‌ಪೆಸ್ಟ್ ಅದು. ಲಂಡನ್ನಿನ ಹಾಲಿನವರ ಕೊಟ್ಟಿಗೆಗಳನ್ನು ಹೊಕ್ಕು, ಸಂತೆಯಿಂದ ಸಂತೆಗೆ ಸಾಗಿ, ಚಳಿಗಾಲದ ಹೊತ್ತಿಗೆ ನಾಡಿನುದ್ದಕ್ಕೂ ಹಬ್ಬಿತು. ಮದ್ದು ಯಾರ ಬಳಿಯೂ ಇರಲಿಲ್ಲ.

1866ರ ಫೆಬ್ರವರಿಯಲ್ಲಿ ರಾಬರ್ಟ್ ಲೋ ಪಾರ್ಲಿಮೆಂಟಿನಲ್ಲಿ ಎದ್ದು ನಿಂತ. ಏಪ್ರಿಲ್ ನಡುವಿನೊಳಗೆ ರೋಗವನ್ನು ಹತೋಟಿಗೆ ತರದಿದ್ದರೆ ಘೋರ ಅನಾಹುತ ಕಾದಿದೆಯೆಂದು ಎಚ್ಚರಿಸಿದ. ಆ ಮಾತನ್ನು ಅಲ್ಲಗಳೆದವನು ವಿಲಿಯಂ ಫಾರ್. ವೈದ್ಯವಿದ್ಯೆ ಕಲಿತು, ಸರ್ಕಾರದ ಜನನ ಮರಣ ನೋಂದಣಿ ಕಚೇರಿಯಲ್ಲಿ ಅಂಕಿಅಂಶಗಳನ್ನು ನೋಡಿಕೊಳ್ಳುತ್ತಿದ್ದವನು ಆತ. ‘ಡೈಲಿ ನ್ಯೂಸ್’ ಪತ್ರಿಕೆಗೆ ಬರೆದ ಪತ್ರದಲ್ಲಿ ನಾಲ್ಕು ನಾಲ್ಕು ವಾರಗಳ ಲೆಕ್ಕವನ್ನು ಸಾಲಾಗಿ ಇಟ್ಟ: ರೋಗಕ್ಕೆ ಬಿದ್ದ ದನಗಳು ಮೊದಲು 9,597, ಆಮೇಲೆ 18,817, ಬಳಿಕ 33,835, ಕೊನೆಗೆ 47,191. ಕಂಡವರ ಎದೆ ನಡುಗಿಸುವ ಏರಿಕೆ. ಆದರೆ ಫಾರ್ ನೋಡಿದ್ದು ಏರಿಕೆಯ ಪ್ರಮಾಣವನ್ನು: ನೂರಕ್ಕೆ 96, 80, 39. ಏರುವ ವೇಗವೇ ಕುಗ್ಗುತ್ತಿದೆ, ಸದ್ಯದಲ್ಲೇ ರೋಗ ಇಳಿಮುಖವಾಗಿ ಜೂನ್ ವೇಳೆಗೆ ಬಹುಪಾಲು ಅಡಗುತ್ತದೆ ಎಂದ. ರೋಗದ ವಿಷ ಮೈಯಿಂದ ಮೈಗೆ ದಾಟುತ್ತ ಕಸುವು ಕಳೆದುಕೊಳ್ಳುತ್ತದೆ ಎಂಬುದು ಅವನ ತರ್ಕ.

ವೈದ್ಯಲೋಕ ಅನುಮಾನದಿಂದಲೇ ನೋಡಿತು. ದಿನವೂ ದನಗಳನ್ನು ಹೂಳುತ್ತಿದ್ದ ನಾಡಿಗೆ ಇಳಿತದ ಮಾತು ಹೇಗೆ ರುಚಿಸೀತು? ಆದರೂ ವಸಂತದಲ್ಲಿ ರೋಗ ಇಳಿದೇ ಇಳಿಯಿತು. ಅದರ ಕೊನೆಯ ಕುಡಿ ಮಾತ್ರ ಅವನ ಲೆಕ್ಕವನ್ನು ಮೀರಿ 1867ರವರೆಗೂ ಉಳಿಯಿತು.

ಗೆದ್ದ ಲೆಕ್ಕಕ್ಕೂ ಪೂರ್ತಿ ಮನ್ನಣೆ ದಕ್ಕಲಿಲ್ಲ, ಅದಕ್ಕೆ ಕಾರಣವಿತ್ತು. ಪತ್ರ ಅಚ್ಚಾದ ದಿನಗಳಲ್ಲೇ, ಫೆಬ್ರವರಿ 20ರಂದು, ರೋಗ ತಗುಲಿದ ದನಗಳನ್ನು ಕಡ್ಡಾಯವಾಗಿ ಕೊಲ್ಲಬೇಕೆಂಬ ಕಾಯಿದೆ ಜಾರಿಯಾಗಿತ್ತು. ಇಳಿತ ರೋಗದ ಸಹಜ ಗತಿಯೋ, ಕಾಯಿದೆಯ ಫಲವೋ? ಎಚ್ಚರಿಕೆಯ ಮಾತು ಕೇಳಿ ಜನ ಎಚ್ಚೆತ್ತರೆ ಎಚ್ಚರಿಸಿದವನೇ ಸುಳ್ಳನಾಗಿ ಕಾಣುತ್ತಾನೆ. ಧೈರ್ಯ ಹೇಳಿದವನ ಮಾತು ನಿಜವಾದರೆ ಕೀರ್ತಿ ಕಾಯಿದೆಗೆ ಸಲ್ಲುತ್ತದೆ.

1990ರಲ್ಲಿ ಅಮೆರಿಕದ ಇಬ್ಬರು ವಿದ್ವಾಂಸರು ಫಾರನ ಸೂತ್ರವನ್ನೇ ಏಡ್ಸ್‌ಗೆ ಅನ್ವಯಿಸಿ, ತಮ್ಮ ದೇಶದಲ್ಲಿ ಒಟ್ಟು ರೋಗಿಗಳು ಸುಮಾರು 2 ಲಕ್ಷಕ್ಕೆ ನಿಲ್ಲುತ್ತಾರೆಂದರು. ರೋಗ ಆ ಗಡಿಯನ್ನು ಎಂದೋ ದಾಟಿತು. ಒಮ್ಮೆ ಗೆದ್ದ ಸೂತ್ರ ಮುಂದಿನ ಮಾರಿಗೆ ಜಾಮೀನು ನಿಲ್ಲದು. ಫಾರನಿಂದ ಕಲಿಯಬೇಕಾದದ್ದು ಬೇರೆಯೇ ಇದೆ: ಭವಿಷ್ಯ ನುಡಿಯುವಾಗ ಆತ ತನ್ನ ಅಂಕಿಗಳನ್ನೂ ಊಹೆಯನ್ನೂ ಪತ್ರಿಕೆಯಲ್ಲೇ ಬಿಚ್ಚಿಟ್ಟ. ಒಪ್ಪದವರು ಕೂಡಿ ಕಳೆದು ತಪ್ಪು ತೋರಿಸಬಹುದಿತ್ತು. ಜನರ ನಂಬಿಕೆ ಕೇಳುವ ಹಕ್ಕು ಅಂಥ ಲೆಕ್ಕಕ್ಕೆ ಮಾತ್ರ ಉಂಟು.