ಕಾಳಿ ಯಾವ ಜಾತಿಯ ನಾಯಿ?

ಹೈಸ್ಕೂಲಿನ ಮಕ್ಕಳಿಗೆ ರಾಷ್ಟ್ರಕೂಟರ ಪಾಠ ಮಾಡುವಾಗ ಆತಕೂರು ಶಾಸನದ ಕಥೆ ಹೇಳದೆ ನಾನು ಮುಂದಕ್ಕೆ ಹೋಗುವುದಿಲ್ಲ. ಪಠ್ಯದಲ್ಲಿ ಇರಲಿ, ಇಲ್ಲದಿರಲಿ. ತಕ್ಕೋಲದ ಯುದ್ಧದಲ್ಲಿ ಮುಮ್ಮಡಿ ಕೃಷ್ಣನ ಪರವಾಗಿ ಕಾದಿ, ಚೋಳ ರಾಜಾದಿತ್ಯನನ್ನು ಕೊಂದವನು ಗಂಗರ ಬೂತುಗ. ತನ್ನ ಕಡೆ ನಿಂತು ಹೋರಾಡಿದ ಮಣಲೇರನ ಶೌರ್ಯಕ್ಕೆ ಮೆಚ್ಚಿ ಏನು ಬೇಕೋ ಕೇಳು ಎಂದನಂತೆ. ಮಣಲೇರ ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು! ಮುಂದೆ ಬೆಳತೂರಿನ ಗುಡ್ಡದಲ್ಲಿ ಆ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಒಟ್ಟಿಗೇ ಸತ್ತವು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಕ್ರಿ.ಶ. 949-50ರ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮೇಲೆ ನಾಯಿ ಹಂದಿಗಳ ಕಾಳಗದ ಕೆತ್ತನೆಯೂ ಉಂಟು.

ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಟೀಚರ್, ಕಾಳಿ ಯಾವ ಜಾತಿ ನಾಯಿ ಇತ್ತರೀ?" ಎಂದ. ತರಗತಿ ನಕ್ಕಿತು. ಶಾಸನ ಹೆಸರು ಹೇಳುತ್ತದೆ, ಕೆಲಸ ಹೇಳುತ್ತದೆ, ಜಾತಿ ಹೇಳುವುದಿಲ್ಲ ಎಂದು ಉತ್ತರ ಕೊಟ್ಟು ಕೂರಿಸಿದೆ. ಆದರೆ ಆ ದಿನ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಅದೇ ಮಾತು ಕೊರೆಯುತ್ತಿತ್ತು. ಏಕೆಂದರೆ ನಮ್ಮ ಮನೆಯಲ್ಲಿ ನಾವು ಜಾತಿ ನೋಡಿ ನಾಯಿ ತಂದಿದ್ದೆವು, ಕೆಲಸ ನೋಡಿರಲಿಲ್ಲ.

ಅದು 2020ರ ಮಾತು. ಕೊರೊನಾದಿಂದ ಕಾಲೇಜು ಮುಚ್ಚಿ ಮಗ ಮನೆಯಲ್ಲೇ ಇದ್ದ. ಆಗಸ್ಟಿನ ಕೊನೆಯಲ್ಲಿ ಪ್ರಧಾನಿಯವರು ರೇಡಿಯೊ ಭಾಷಣದಲ್ಲಿ ದೇಶೀ ತಳಿಗಳ ನಾಯಿ ಸಾಕಿರೆಂದು ಹೇಳಿ ಮುಧೋಳದ ಹೆಸರೆತ್ತಿದರು. ಲ್ಯಾಬ್ರಡಾರ್ ಬೇಕೆನ್ನುತ್ತಿದ್ದ ಮಗ ಆವತ್ತಿನಿಂದ ಮುಧೋಳ ನಾಯಿಗೆ ಗಂಟುಬಿದ್ದ. ನನಗೂ ಒಳಗೊಳಗೇ ಹೆಮ್ಮೆ. ನನ್ನ ತವರು ಆ ಕಡೆಯದೇ. ರನ್ನನ ಊರಿನ ನಾಯಿ ಎಂದು ನಾನೇ ಮನೆಯವರನ್ನು ಒಪ್ಪಿಸಿದೆ.

ಇತಿಹಾಸ ಗೊತ್ತಿಲ್ಲದೆ ತಂದೆವು ಎನ್ನಲಾರೆ. ಬೇಡರ ಬಳಿ ಇದ್ದ ಬೇಟೆನಾಯಿಗಳನ್ನು ಕಂಡು ಮೆಚ್ಚಿ ಬೆಳೆಸಿದವರು ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆ. (ಘೋರ್ಪಡ ಎಂದರೆ ಮರಾಠಿಯಲ್ಲಿ ಉಡ. ಉಡದ ಹೆಸರಿನ ಮನೆತನ ನಾಯಿಯಿಂದ ಹೆಸರಾಯಿತು!) ಅವರು ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿ ಕಾಣಿಕೆ ಕೊಟ್ಟ ಮೇಲೆ ಈ ನಾಯಿಗೆ ಊರಿನ ಹೆಸರೇ ನಿಂತಿತು. 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು. 2016ರಲ್ಲಿ ಸೇನೆಯವರು ಮರಿಗಳನ್ನು ತರಬೇತಿಗೆ ಮೀರತ್‌ಗೆ ಒಯ್ದರು. ಇದೆಲ್ಲ ನನಗೆ ಬಾಯಿಪಾಠ. ಆದರೆ ಈ ನಾಯಿ ಮೂಸಿ ಬೇಟೆಯಾಡುವುದಲ್ಲ, ಕಣ್ಣಿನಿಂದ ನೋಡಿ ಅಟ್ಟುವುದು. ಉದ್ದ ಮೂತಿ, ಆಳವಾದ ಎದೆ, ಬೆನ್ನಿಗಂಟಿದ ಹೊಟ್ಟೆ, 70 ಸೆಂಟಿಮೀಟರ್ ಹತ್ತಿರದ ಎತ್ತರ, ಎಲ್ಲವೂ ಓಟಕ್ಕೆಂದೇ ಆದವು. ಮುಂದೆ ಏನಾದರೂ ಸಣ್ಣದು ಓಡಿದರೆ ಅದರ ಕಿವಿಗೆ ನಮ್ಮ ಕೂಗು ಬೀಳುವುದಿಲ್ಲ. ಇಷ್ಟನ್ನೂ ಬಲ್ಲ ನಾನು ಅದನ್ನು ಮೂವತ್ತು-ನಲವತ್ತರ ಸೈಟಿನ ಮನೆಗೆ ತಂದೆ.

ಬಾಣ ಎಂದು ಹೆಸರಿಟ್ಟೆವು. ಮನೆಯವರ ಮೇಲೆ ಒಮ್ಮೆಯೂ ಗುರ್ರೆನ್ನಲಿಲ್ಲ. ಸಂಜೆ ಮಗನೊಂದಿಗೆ ಮೈದಾನ ಸುತ್ತಿ ಬಂದು ಅತ್ತೆಯವರ ಕಾಲ ಬಳಿ ಮಲಗುತ್ತಿತ್ತು. ಕಾಲೇಜು ಶುರುವಾಯಿತು, ನನ್ನ ಶಾಲೆಯೂ ತೆರೆಯಿತು. ಬಾಣ ಹಗಲೆಲ್ಲ ಕಾಂಪೌಂಡಿನೊಳಗೆ ಸುತ್ತಿ ಸುತ್ತಿ ನೆಲದಲ್ಲಿ ಗೆರೆಯೇ ಮೂಡಿತು.

ಅತ್ತೆಯವರು ಆರು ವರ್ಷದಿಂದ ಹಾಲು ಹಾಕುತ್ತಿದ್ದ ಬೆಕ್ಕೊಂದಿತ್ತು. ಹಿತ್ತಿಲ ಗೋಡೆಯ ಮೇಲೆ ಬಂದು ಕೂರುತ್ತಿತ್ತು, ನಾಯಿಯಿದ್ದಾಗ ಇಳಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಇಳಿದು ಓಡಿತು. ಅಷ್ಟೇ. ಅತ್ತೆಯವರು ಕೂಗುತ್ತಲೇ ಇದ್ದರಂತೆ. ನಾನು ಶಾಲೆಯಿಂದ ಬಂದಾಗ ಬೆಕ್ಕನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದರು. ಬಾಣ ಪಕ್ಕದಲ್ಲೇ ಬಾಲ ಆಡಿಸುತ್ತಿತ್ತು. "ಅದಕ್ಕೇನ್ ಬೈತಿ? ಅದು ತನ್ನ ಕೆಲ್ಸಾ ಮಾಡೇತಿ. ತಂದಾಕಿ ನೀನು," ಎಂದರು. ಮೂವತ್ತು ವರ್ಷದಲ್ಲಿ ಅವರು ನನಗೆ ಅಂದ ಕಟುಮಾತು ಅದೊಂದೇ.

ಘಟಪ್ರಭೆಯ ದಂಡೆಯಲ್ಲಿ ಕಬ್ಬು ಬೆಳೆಯುವ ತಮ್ಮ ಬಂದು ಬಾಣನನ್ನು ಒಯ್ದ. ಮಗ ವಾರಗಟ್ಟಲೆ ನನ್ನೊಡನೆ ಮಾತಾಡಲಿಲ್ಲ. ದೀಪಾವಳಿಗೆ ಹೋದಾಗ ನೋಡಿದೆವು. ಹೊಲದ ಬದುವಿನ ಮೇಲೆ ಬಾಣ ಓಡುತ್ತಿದ್ದರೆ ಕಾಲು ನೆಲಕ್ಕೆ ತಾಗುವುದೇ ಕಾಣುತ್ತಿರಲಿಲ್ಲ. ಮಗ ಕರೆದಾಗ ಬಂತು, ಕೈ ನೆಕ್ಕಿತು, ಮತ್ತೆ ಓಡಿತು. "ಚಿಂತಿ ಮಾಡಬ್ಯಾಡ ಅಕ್ಕಾ, ಆರಾಮ ಐತಿ," ಎಂದ ತಮ್ಮ.

ಬೀದಿಯ ಮರಿಯೊಂದನ್ನು ಮನೆಗೆ ತರುತ್ತೇನೆ ಎಂದು ಮಗ ಈಗ ಹೇಳುತ್ತಿದ್ದಾನೆ. ಅಜ್ಜಿಯನ್ನು ಕೇಳು ಎಂದಿದ್ದೇನೆ. ಅವನಿನ್ನೂ ಕೇಳಿಲ್ಲ.